ಗುತ್ತಿಗೆ ವಿಮಾನಗಳು: ನೋಂದಣಿ, ವಿಮೆ ಮತ್ತು ಗುತ್ತಿಗೆ ಹಕ್ಕುಗಳ ಜಾರಿ – ಸಾರ್ವಜನಿಕ ಮಾಹಿತಿ

ವಿಮಾನಯಾನ ಸಂಸ್ಥೆಗಳು ಹಾರಿಸುವ ಎಲ್ಲ ವಿಮಾನಗಳೂ ಆ ಸಂಸ್ಥೆಗಳ ಸ್ವಂತ ಆಸ್ತಿಯಾಗಿರುವುದಿಲ್ಲ. ಭಾರತದ ಸಂಸ್ಥೆಗಳು ಬಳಸುವ ವಿಮಾನಗಳ ಪೈಕಿ ಬಹುಪಾಲು ಗುತ್ತಿಗೆಯ ಆಧಾರದ ಮೇಲೆ ಪಡೆದವುಗಳಾಗಿದ್ದು, ಅವುಗಳ ಒಡೆತನವು ಹೆಚ್ಚಾಗಿ ಐರ್ಲೆಂಡ್ ಮೊದಲಾದ ವಿದೇಶಗಳಲ್ಲಿರುವ ಗುತ್ತಿಗೆ ಕಂಪನಿಗಳಲ್ಲಿರುತ್ತದೆ. ಹೀಗೆ ಒಡೆಯನು ಒಂದು ದೇಶದಲ್ಲಿ, ಬಳಸುವವನು ಇನ್ನೊಂದು ದೇಶದಲ್ಲಿ ಇದ್ದು, ಆಸ್ತಿಯು ದಿನಕ್ಕೆ ಹಲವು ಊರುಗಳಲ್ಲಿ ಇಳಿದು ಏರುವುದರಿಂದ, ಅದರ ಮೇಲಿನ ಹಕ್ಕುಗಳನ್ನು ನಿರ್ಧರಿಸಲು ವಿಶೇಷ ಕಾನೂನಿನ ಅಗತ್ಯ ಉಂಟಾಗಿದೆ. ವಿಮಾನ ನೋಂದಣಿಗೆ ಅರ್ಜಿ ಸಲ್ಲಿಸುವವರು, ಗುತ್ತಿಗೆ ನೀಡುವವರು ಮತ್ತು ಪಡೆಯುವವರು, ವಿಮಾನಯಾನ ಸಂಸ್ಥೆಗಳ ನೌಕರರು ಹಾಗೂ ಪ್ರಯಾಣಿಕರ ತಿಳುವಳಿಕೆಗಾಗಿ ಸದರಿ ಕಾನೂನಿನ ಮುಖ್ಯಾಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಗುತ್ತಿಗೆಯ ವಿಧಗಳು

ವಿಮಾನ ಗುತ್ತಿಗೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು.

ಡ್ರೈ ಲೀಸ್: ವಿಮಾನವನ್ನು ಮಾತ್ರ ಗುತ್ತಿಗೆಗೆ ನೀಡಲಾಗುತ್ತದೆ. ಪೈಲಟ್‌ಗಳು, ಇತರ ಸಿಬ್ಬಂದಿ, ನಿರ್ವಹಣೆ ಮತ್ತು ವಿಮೆ ಇವೆಲ್ಲವೂ ಗುತ್ತಿಗೆ ಪಡೆದ ಸಂಸ್ಥೆಯ ಹೊಣೆಯಾಗಿರುತ್ತವೆ. ಇಂತಹ ವಿಮಾನವನ್ನು ಸಾಮಾನ್ಯವಾಗಿ ಭಾರತದಲ್ಲಿಯೇ ನೋಂದಾಯಿಸಲಾಗುತ್ತದೆ. ಅದರ ಮೇಲೆ ಭಾರತದ ರಾಷ್ಟ್ರೀಯತಾ ಚಿಹ್ನೆಯಾದ ವಿಟಿ ಅಕ್ಷರಗಳನ್ನು ಬರೆಯಲಾಗುತ್ತದೆ.

ವೆಟ್ ಲೀಸ್: ವಿಮಾನದೊಂದಿಗೆ ಸಿಬ್ಬಂದಿ, ನಿರ್ವಹಣೆ ಮತ್ತು ವಿಮೆಯನ್ನೂ ಗುತ್ತಿಗೆದಾತರೇ ಒದಗಿಸುತ್ತಾರೆ. ವಿಮಾನದ ಕಾರ್ಯಾಚರಣೆಯ ನಿಯಂತ್ರಣವು ಅವರಲ್ಲಿಯೇ ಉಳಿಯುತ್ತದೆ ಮತ್ತು ವಿಮಾನವು ಅವರ ದೇಶದ ನೋಂದಣಿಯಲ್ಲಿಯೇ ಮುಂದುವರಿಯುತ್ತದೆ. ಪೈಲಟ್‌ಗಳನ್ನು ಗುತ್ತಿಗೆದಾತರು ಒದಗಿಸಿ, ಕ್ಯಾಬಿನ್ ಸಿಬ್ಬಂದಿಯನ್ನು ಗುತ್ತಿಗೆದಾರ ಸಂಸ್ಥೆಯು ನೇಮಿಸುವ ನಡುವಣ ಪದ್ಧತಿಯನ್ನು ಡ್ಯಾಂಪ್ ಲೀಸ್ ಎನ್ನುತ್ತಾರೆ.

1944ರ ಶಿಕಾಗೋ ಒಡಂಬಡಿಕೆಯ ಪ್ರಕಾರ ವಿಮಾನವು ತಾನು ನೋಂದಾಯಿತವಾದ ದೇಶದ ರಾಷ್ಟ್ರೀಯತೆಯನ್ನು ಹೊಂದುತ್ತದೆ ಮತ್ತು ಏಕಕಾಲದಲ್ಲಿ ಎರಡು ದೇಶಗಳಲ್ಲಿ ನೋಂದಣಿ ಮಾಡಿಸುವಂತಿಲ್ಲ. ಗುತ್ತಿಗೆ ಕಾನೂನಿನ ಅನೇಕ ಪ್ರಶ್ನೆಗಳು ಈ ಒಂದು ನಿಯಮದಿಂದಲೇ ಹುಟ್ಟುತ್ತವೆ. ಹಳೆಯ ನೋಂದಣಿ ರದ್ದಾಗದ ಹೊರತು ಒಡೆಯನು ತನ್ನ ವಿಮಾನವನ್ನು ಬೇರೆ ದೇಶದ ಸಂಸ್ಥೆಯೊಂದಕ್ಕೆ ನೀಡಿ ಬಾಡಿಗೆ ಗಳಿಸಲು ಸಾಧ್ಯವಿಲ್ಲ. ಆದ್ದರಿಂದ ವಿಮಾನವನ್ನು ಭೌತಿಕವಾಗಿ ವಶಕ್ಕೆ ಪಡೆಯುವುದರಷ್ಟೇ ನೋಂದಣಿ ರದ್ದತಿಯೂ ಮಹತ್ವದ್ದಾಗಿದೆ.

2. ಅನ್ವಯವಾಗುವ ಕಾನೂನುಗಳು

(ಅ) ಭಾರತೀಯ ವಾಯುಯಾನ ಅಧಿನಿಯಮ, 2024: ಇದು 1934ರ ವಿಮಾನ ಅಧಿನಿಯಮದ ಸ್ಥಾನದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ವಿಮಾನಗಳ ನೋಂದಣಿ ಮತ್ತು ಸುರಕ್ಷತೆಯ ಮೇಲ್ವಿಚಾರಣೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿರ್ವಹಿಸುತ್ತದೆ.

(ಆ) ಕೇಪ್‌ಟೌನ್ ಒಡಂಬಡಿಕೆ ಮತ್ತು ವಿಮಾನ ಪ್ರೋಟೋಕಾಲ್: ಚಲಿಸುವ ಬೆಲೆಬಾಳುವ ಸಲಕರಣೆಗಳ ಮೇಲಿನ ಅಂತಾರಾಷ್ಟ್ರೀಯ ಹಕ್ಕುಗಳನ್ನು ಕುರಿತ ಈ ಎರಡು ದಸ್ತಾವೇಜುಗಳಿಗೆ 2001ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಸಹಿ ಮಾಡಲಾಯಿತು. ಭಾರತವು 2008ರಲ್ಲಿ ಇವುಗಳಿಗೆ ಸೇರ್ಪಡೆಯಾಯಿತು; ಅದೇ ವರ್ಷದ ಜುಲೈ 1ರಿಂದ ಇವು ಭಾರತಕ್ಕೆ ಅನ್ವಯವಾದವು.

(ಇ) ವಿಮಾನ ವಸ್ತುಗಳಲ್ಲಿನ ಹಿತಾಸಕ್ತಿಗಳ ಸಂರಕ್ಷಣಾ ಅಧಿನಿಯಮ, 2025: ಕೇಪ್‌ಟೌನ್ ದಸ್ತಾವೇಜುಗಳಿಗೆ ಭಾರತದಲ್ಲಿ ಕಾನೂನಿನ ಬಲವನ್ನು ನೀಡಿದ ಅಧಿನಿಯಮವಿದು. ಸಂಸತ್ತು ಇದನ್ನು 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು ಮತ್ತು ಇದು ಅದೇ ವರ್ಷದ ಮೇ 1ರಿಂದ ಜಾರಿಗೆ ಬಂದಿತು. ಇತರ ಕಾನೂನುಗಳೊಡನೆ ವಿರೋಧ ಉಂಟಾದಲ್ಲಿ ಈ ಅಧಿನಿಯಮದ ಉಪಬಂಧಗಳೇ ಮೇಲುಗೈ ಪಡೆಯುತ್ತವೆ.

(ಈ) ವಾಯುಮಾರ್ಗ ಸಾಗಣೆ ಅಧಿನಿಯಮ, 1972: ಪ್ರಯಾಣಿಕರು, ಸಾಮಾನು ಮತ್ತು ಸರಕಿಗೆ ಸಂಬಂಧಿಸಿದ ವಾಹಕರ ಹೊಣೆಗಾರಿಕೆಯನ್ನು ಇದು ನಿರ್ಧರಿಸುತ್ತದೆ. 1999ರ ಮಾಂಟ್ರಿಯಲ್ ಒಡಂಬಡಿಕೆಗೆ ಭಾರತವು 2009ರಲ್ಲಿ ಸೇರ್ಪಡೆಯಾದ ನಂತರ ಅದರ ನಿಯಮಗಳೂ ಈ ಅಧಿನಿಯಮದ ಭಾಗವಾಗಿವೆ.

3. ಯಾವ ವಿಮಾನಗಳಿಗೆ ಕೇಪ್‌ಟೌನ್ ನಿಯಮಗಳು ಅನ್ವಯಿಸುತ್ತವೆ?

ಸಿಬ್ಬಂದಿ ಸೇರಿ ಕನಿಷ್ಠ 8 ಜನರನ್ನು ಅಥವಾ 2,750 ಕಿಲೋಗ್ರಾಂಗಿಂತ ಹೆಚ್ಚಿನ ಸರಕನ್ನು ಸಾಗಿಸಲು ಪ್ರಮಾಣೀಕರಿಸಲಾದ ವಿಮಾನಗಳಿಗೆ ಇವು ಅನ್ವಯಿಸುತ್ತವೆ. ಹೆಲಿಕಾಪ್ಟರ್‌ಗಳ ವಿಷಯದಲ್ಲಿ ಈ ಮಿತಿಯು ಸಿಬ್ಬಂದಿ ಸೇರಿ ಕನಿಷ್ಠ 5 ಜನ ಅಥವಾ 450 ಕಿಲೋಗ್ರಾಂಗಿಂತ ಹೆಚ್ಚಿನ ಸರಕು ಆಗಿರುತ್ತದೆ. ನಿಗದಿತ ಸಾಮರ್ಥ್ಯಕ್ಕಿಂತ ದೊಡ್ಡದಾದ ಎಂಜಿನ್‌ಗಳನ್ನು ಪ್ರತ್ಯೇಕ ವಸ್ತುಗಳೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ವಿಮಾನವೊಂದರ ಒಡಲು ಒಬ್ಬರದಾಗಿದ್ದು, ಎಂಜಿನ್ ಮತ್ತೊಬ್ಬರದಾಗಿರುವುದು ಸಾಧ್ಯ.

ಹಾರಾಟ ತರಬೇತಿ ಶಾಲೆಗಳಲ್ಲಿ ಬಳಸುವ ನಾಲ್ಕು ಆಸನಗಳ ಸೆಸ್ನಾ 172ರಂತಹ ಸಣ್ಣ ವಿಮಾನಗಳು ಈ ವ್ಯಾಪ್ತಿಗೆ ಬರುವುದಿಲ್ಲ. ಇಂತಹ ವಿಮಾನಗಳನ್ನು ಗುತ್ತಿಗೆಗೆ ನೀಡುವವರು ಮತ್ತು ಪಡೆಯುವವರು ತಮ್ಮ ಹಕ್ಕುಗಳಿಗಾಗಿ ಕರಾರು ಕಾನೂನು ಮತ್ತು ಸಾಮಾನ್ಯ ನ್ಯಾಯಾಲಯಗಳನ್ನೇ ಅವಲಂಬಿಸಬೇಕಾಗುತ್ತದೆ. ಅರ್ಜಿದಾರರು ಕರಾರಿಗೆ ಸಹಿ ಮಾಡುವ ಮುನ್ನವೇ ಈ ಅಂಶವನ್ನು ಗಮನಿಸುವುದು ಹಿತಕರ.

4. ಗುತ್ತಿಗೆ ವಿಮಾನದ ನೋಂದಣಿ

ಗುತ್ತಿಗೆ ಪಡೆದ ವಿಮಾನದ ನೋಂದಣಿ ಪ್ರಮಾಣಪತ್ರದಲ್ಲಿ ಗುತ್ತಿಗೆದಾತರ ಹಾಗೂ ಗುತ್ತಿಗೆದಾರರ ಹೆಸರುಗಳನ್ನು ನಮೂದಿಸಲಾಗುತ್ತದೆ. ನೋಂದಣಿಗೆ ಬೇಕಾಗುವ ಮುಖ್ಯ ದಾಖಲೆಗಳು ಈ ಕೆಳಕಂಡಂತಿವೆ:

- ನಿಗದಿತ ನಮೂನೆಯಲ್ಲಿ ಅರ್ಜಿ ಮತ್ತು ಶುಲ್ಕ
- ಸಹಿ ಮಾಡಲಾದ ಗುತ್ತಿಗೆ ಕರಾರಿನ ಪ್ರತಿ
- ಹಿಂದಿನ ದೇಶದ ನೋಂದಣಿ ರದ್ದಾಗಿರುವ ಬಗ್ಗೆ, ಅಥವಾ ಹೊಸ ವಿಮಾನವಾದಲ್ಲಿ ಎಲ್ಲಿಯೂ ನೋಂದಣಿಯಾಗಿಲ್ಲವೆಂಬ ಬಗ್ಗೆ ಪ್ರಮಾಣಪತ್ರ
- ಆಮದು ಮತ್ತು ಸುಂಕಕ್ಕೆ ಸಂಬಂಧಿಸಿದ ದಾಖಲೆಗಳು

ವಿದೇಶದಲ್ಲಿ ಸಹಿಯಾದ ದಸ್ತಾವೇಜುಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಅಧಿಕಾರಪತ್ರಗಳನ್ನು ನೋಟರಿಯಿಂದ ದೃಢೀಕರಿಸಿ, ಅನ್ವಯವಾಗುವಲ್ಲಿ ಅಪೊಸ್ಟಿಲ್ ಮಾಡಿಸಿರಬೇಕು. ಎರಡು, ಮುದ್ರಾಂಕ ಶುಲ್ಕಕ್ಕೆ ಒಳಪಡುವ ದಸ್ತಾವೇಜು ಭಾರತಕ್ಕೆ ಮೊದಲು ಬಂದ ದಿನದಿಂದ ಮೂರು ತಿಂಗಳೊಳಗಾಗಿ ಸದರಿ ಶುಲ್ಕವನ್ನು ಪಾವತಿಸತಕ್ಕದ್ದು. ಶುಲ್ಕ ಪಾವತಿಸದ ಕರಾರನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ವಿವಾದ ಉಂಟಾದ ಮೇಲೆ ಈ ಲೋಪವು ಬೆಳಕಿಗೆ ಬಂದರೆ ದಂಡವೂ ಕಾಲಹರಣವೂ ಆಗುತ್ತದೆ.

ಭಾರತದಲ್ಲಿನ ನೋಂದಣಿಯು ವಿಮಾನದ ರಾಷ್ಟ್ರೀಯತೆಯನ್ನು ತಿಳಿಸುತ್ತದೆಯೇ ಹೊರತು ಅದರ ಮೇಲಿನ ಸಾಲಗಾರರ ಆದ್ಯತೆಯನ್ನಲ್ಲ. ಆದ್ಯತೆಯ ವಿಷಯವನ್ನು ಐರ್ಲೆಂಡಿನ ಡಬ್ಲಿನ್ ನಗರದಿಂದ ನಡೆಯುವ ಅಂತಾರಾಷ್ಟ್ರೀಯ ನೋಂದಣಿ ವ್ಯವಸ್ಥೆಯು ನಿರ್ಧರಿಸುತ್ತದೆ. ವಿದ್ಯುನ್ಮಾನ ರೂಪದ ಈ ದಾಖಲೆಯನ್ನು ಯಾರು ಬೇಕಾದರೂ ಶುಲ್ಕ ತೆತ್ತು ಶೋಧಿಸಬಹುದು. ಒಂದೇ ವಿಮಾನದ ಮೇಲೆ ಹಲವರು ಹಕ್ಕು ಸಾಧಿಸಿದಾಗ, ಮೊದಲು ನೋಂದಾಯಿಸಿದವರಿಗೆ ಮೊದಲ ಸ್ಥಾನ ದೊರೆಯುತ್ತದೆ.

5. ಐಡೆರಾ ಅಧಿಕಾರಪತ್ರ

ಗುತ್ತಿಗೆದಾರ ಸಂಸ್ಥೆಯು ಗುತ್ತಿಗೆದಾತರ ಹೆಸರಿಗೆ ಬರೆದುಕೊಡುವ, ಹಿಂತೆಗೆದುಕೊಳ್ಳಲಾಗದ ಅಧಿಕಾರಪತ್ರಕ್ಕೆ ಐಡೆರಾ ಎಂದು ಹೆಸರು. ವಿಮಾನದ ನೋಂದಣಿಯನ್ನು ರದ್ದುಪಡಿಸಿ ಅದನ್ನು ದೇಶದಿಂದ ಹೊರಗೆ ಕಳುಹಿಸುವಂತೆ ಕೋರುವ ಹಕ್ಕನ್ನು ಇದು ಗುತ್ತಿಗೆದಾತರಿಗೆ ನೀಡುತ್ತದೆ. ಮಹಾನಿರ್ದೇಶನಾಲಯದಲ್ಲಿ ಇದನ್ನು ದಾಖಲಿಸಿದ ನಂತರ, ಅಧಿಕಾರ ಪಡೆದವರ ಒಪ್ಪಿಗೆಯಿಲ್ಲದೆ ಗುತ್ತಿಗೆದಾರರು ಇದನ್ನು ರದ್ದುಪಡಿಸುವಂತಿಲ್ಲ.

2015ರಲ್ಲಿ ವಿಮಾನ ನಿಯಮಗಳ 30ನೆಯ ನಿಯಮಕ್ಕೆ 7ನೆಯ ಉಪನಿಯಮವನ್ನು ಸೇರಿಸಿ, ಐಡೆರಾ ಹೊಂದಿದವರು ಅರ್ಜಿ ಸಲ್ಲಿಸಿದಲ್ಲಿ ಐದು ಕೆಲಸದ ದಿನಗಳಲ್ಲಿ ನೋಂದಣಿಯನ್ನು ರದ್ದುಪಡಿಸಬೇಕೆಂದು ವಿಧಿಸಲಾಯಿತು. ಅರ್ಜಿಯೊಂದಿಗೆ ಐಡೆರಾ ಪತ್ರದ ಮೂಲ ಅಥವಾ ನೋಟರಿ ದೃಢೀಕೃತ ಪ್ರತಿಯನ್ನು ಲಗತ್ತಿಸತಕ್ಕದ್ದು. ತಮಗಿಂತ ಮೇಲಿನ ಆದ್ಯತೆಯುಳ್ಳ ನೋಂದಿತ ಹಕ್ಕುಗಳು ತೀರಿವೆ ಅಥವಾ ಆ ಹಕ್ಕುದಾರರು ಒಪ್ಪಿದ್ದಾರೆ ಎಂಬ ಪ್ರಮಾಣಪತ್ರವನ್ನೂ ಸಲ್ಲಿಸತಕ್ಕದ್ದು. ಇದಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆಯನ್ನು ಮತ್ತೆ ಕೇಳುವ ಅಗತ್ಯವಿಲ್ಲ.

ಈ ತಿದ್ದುಪಡಿಗೆ ಹಿನ್ನೆಲೆಯಿದೆ. ಬೆಂಗಳೂರಿನಲ್ಲಿ ನೋಂದಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ, ಗುತ್ತಿಗೆದಾತರು ತಮ್ಮ ವಿಮಾನಗಳ ನೋಂದಣಿ ರದ್ದತಿಗಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಒಡೆಯರಿಗೂ ಸಿಗದೆ, ಹಾರಾಟಕ್ಕೂ ಒದಗದೆ ವಿಮಾನಗಳು ನಿಲ್ದಾಣಗಳಲ್ಲಿ ನಿಂತವು. ನೋಂದಣಿ ರದ್ದತಿ ಕೋರಿಕೆಗಳನ್ನು ಮಹಾನಿರ್ದೇಶನಾಲಯವು ಹೇಗೆ ಪರಿಗಣಿಸಬೇಕು ಎಂಬ ಪ್ರಶ್ನೆಯು 2015ರಲ್ಲಿ ಸ್ಪೈಸ್‌ಜೆಟ್ ಸಂಸ್ಥೆಯ ಗುತ್ತಿಗೆ ವಿಮಾನಗಳ ಸಂಬಂಧವಾಗಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ತೀರ್ಪು ಗುತ್ತಿಗೆದಾತರ ಪರವಾಗಿ ಬಂದಿತು.

6. ವಿಮೆ

ಗುತ್ತಿಗೆ ವಿಮಾನಕ್ಕೆ ವಿಮೆಯು ಕಡ್ಡಾಯ. ವಿಮಾನ ಸಾರಿಗೆ ಪರವಾನಗಿ ಪಡೆದ ಸಂಸ್ಥೆಯು ಪ್ರಯಾಣಿಕರು, ಅವರ ಸಾಮಾನು, ಸಿಬ್ಬಂದಿ, ಸರಕು, ವಿಮಾನದ ನಷ್ಟ ಹಾಗೂ ಮೂರನೆಯ ಪಕ್ಷದವರಿಗೆ ಆಗಬಹುದಾದ ಹಾನಿ ಇವೆಲ್ಲಕ್ಕೂ ಸಾಕಾಗುವಷ್ಟು ವಿಮೆಯನ್ನು ಸದಾ ಚಾಲ್ತಿಯಲ್ಲಿ ಇರಿಸತಕ್ಕದ್ದು. ಮುಖ್ಯವಾದ ವಿಮೆಗಳು ಮೂರು:

(ಅ) ವಿಮಾನದ ಸರ್ವನಷ್ಟ ವಿಮೆ: ಅಪಘಾತ ಮೊದಲಾದ ಕಾರಣಗಳಿಂದ ವಿಮಾನಕ್ಕೆ ಆಗುವ ಹಾನಿಗೆ. ಪೂರ್ಣ ನಷ್ಟವಾದಲ್ಲಿ ಕರಾರಿನಲ್ಲಿ ಮೊದಲೇ ಒಪ್ಪಿಕೊಂಡ ಮೌಲ್ಯವನ್ನು ಗುತ್ತಿಗೆದಾತರಿಗೆ ನೇರವಾಗಿ ಪಾವತಿಸುವ ಷರತ್ತು ಇರುತ್ತದೆ.

(ಆ) ಯುದ್ಧ ಮತ್ತು ಸಂಬಂಧಿತ ಅಪಾಯಗಳ ವಿಮೆ: ಯುದ್ಧ, ಅಪಹರಣ, ಸರ್ಕಾರದಿಂದ ಮುಟ್ಟುಗೋಲು ಇತ್ಯಾದಿಗಳಿಗೆ. ಇವು ಸರ್ವನಷ್ಟ ವಿಮೆಯಿಂದ ಹೊರಗಿಡಲ್ಪಟ್ಟಿರುತ್ತವೆ; ಆದ್ದರಿಂದ ಪ್ರತ್ಯೇಕ ವಿಮೆ ಪಡೆಯಬೇಕಾಗುತ್ತದೆ.

(ಇ) ಹೊಣೆಗಾರಿಕೆ ವಿಮೆ: ಪ್ರಯಾಣಿಕರಿಗೆ ಮತ್ತು ನೆಲದ ಮೇಲಿರುವ ಇತರರಿಗೆ ನೀಡಬೇಕಾದ ಪರಿಹಾರಕ್ಕೆ.

ಮೊದಲ ಎರಡರ ನಡುವಣ ಗೆರೆಯು ಎಷ್ಟು ಮುಖ್ಯವೆಂಬುದು 2022ರಲ್ಲಿ ಸ್ಪಷ್ಟವಾಯಿತು. ಉಕ್ರೇನ್ ಮೇಲಿನ ಆಕ್ರಮಣದ ನಂತರ ವಿಧಿಸಲಾದ ನಿರ್ಬಂಧಗಳಿಂದ ಗುತ್ತಿಗೆಗಳು ಕೊನೆಗೊಂಡರೂ, ಪಾಶ್ಚಾತ್ಯ ಕಂಪನಿಗಳಿಗೆ ಸೇರಿದ ನೂರಾರು ವಿಮಾನಗಳು ರಷ್ಯಾದಲ್ಲಿಯೇ ಉಳಿದವು. ನಷ್ಟವನ್ನು ಯಾವ ವಿಮೆ ಭರಿಸಬೇಕೆಂಬ ವ್ಯಾಜ್ಯದಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು 2025ರ ಜೂನ್‌ನಲ್ಲಿ, ಅದು ಯುದ್ಧ ಅಪಾಯಗಳ ವಿಮೆಗೆ ಸೇರಿದ್ದೆಂದು ತೀರ್ಪಿತ್ತಿತು. ಆ ವಿಮೆಯನ್ನು ಪಡೆಯದವರಿಗೆ ಈ ತೀರ್ಪಿನಿಂದ ಪ್ರಯೋಜನವಾಗದು.

ಭಾರತದಲ್ಲಿರುವ ಆಸ್ತಿಗೆ ಪೂರ್ವಾನುಮತಿಯಿಲ್ಲದೆ ವಿದೇಶಿ ವಿಮಾದಾರರಲ್ಲಿ ವಿಮೆ ಮಾಡಿಸುವುದನ್ನು 1938ರ ವಿಮಾ ಅಧಿನಿಯಮವು ನಿರ್ಬಂಧಿಸುತ್ತದೆ. ಆದ್ದರಿಂದ ಭಾರತೀಯ ವಿಮಾ ಕಂಪನಿಯು ಪಾಲಿಸಿಯನ್ನು ನೀಡಿ, ಅಪಾಯದ ದೊಡ್ಡ ಪಾಲನ್ನು ಮರುವಿಮಾದಾರರಿಗೆ ವರ್ಗಾಯಿಸುತ್ತದೆ. ಮರುವಿಮೆಯ ಹಣವು ನೇರವಾಗಿ ತಮಗೆ ತಲುಪಬೇಕೆಂಬ ಷರತ್ತನ್ನು ಗುತ್ತಿಗೆದಾತರು ಸಾಮಾನ್ಯವಾಗಿ ಕೋರುತ್ತಾರೆ. ಇದರೊಂದಿಗೆ, ಗುತ್ತಿಗೆದಾರರ ತಪ್ಪಿನಿಂದ ಗುತ್ತಿಗೆದಾತರ ವಿಮಾ ಹಕ್ಕು ಕೆಡಬಾರದು ಎಂಬ ಷರತ್ತು ಇರುತ್ತದೆ. ವಿಮೆ ರದ್ದಾಗುವ ಮುನ್ನ ಸಾಮಾನ್ಯವಾಗಿ 30 ದಿನಗಳ, ಯುದ್ಧ ವಿಮೆಯಾದಲ್ಲಿ 7 ದಿನಗಳ ಸೂಚನೆಯನ್ನು ಗುತ್ತಿಗೆದಾತರಿಗೆ ನೀಡಬೇಕೆಂಬ ಷರತ್ತೂ ಪ್ರಚಲಿತವಾಗಿದೆ.

7. ಸುಸ್ತಿಯಾದಾಗ ಗುತ್ತಿಗೆದಾತರ ಪರಿಹಾರೋಪಾಯಗಳು

ಬಾಡಿಗೆ ಪಾವತಿಯಲ್ಲಿ ಸುಸ್ತಿಯಾಗದೆ, ಕರಾರನ್ನು ಪಾಲಿಸುತ್ತಿರುವ ಗುತ್ತಿಗೆದಾರರಿಗೆ ವಿಮಾನವನ್ನು ಅಡೆತಡೆಯಿಲ್ಲದೆ ಬಳಸುವ ಹಕ್ಕನ್ನು ಪ್ರೋಟೋಕಾಲ್ ಖಾತರಿಪಡಿಸುತ್ತದೆ. ಸುಸ್ತಿಯಾದಲ್ಲಿ ಗುತ್ತಿಗೆದಾತರು ಕರಾರನ್ನು ಕೊನೆಗೊಳಿಸಿ ವಿಮಾನವನ್ನು ವಶಕ್ಕೆ ಪಡೆಯಬಹುದು, ನ್ಯಾಯಾಲಯದಿಂದ ಆದೇಶ ಕೋರಬಹುದು ಮತ್ತು ಐಡೆರಾ ಬಳಸಿ ನೋಂದಣಿ ರದ್ದತಿಗೆ ಅರ್ಜಿ ಸಲ್ಲಿಸಬಹುದು. 2025ರ ಅಧಿನಿಯಮದ ಪ್ರಕಾರ, ಇಂತಹ ಕ್ರಮಕ್ಕೆ ಮುಂದಾಗುವ ಮುನ್ನ ಅವರು ಮಹಾನಿರ್ದೇಶನಾಲಯಕ್ಕೆ ತಿಳಿಸತಕ್ಕದ್ದು. ವಿಮಾನಯಾನ ಸಂಸ್ಥೆಗಳು ತಮ್ಮ ಬಾಕಿಗಳ ವಿವರವನ್ನು ಮಹಾನಿರ್ದೇಶನಾಲಯಕ್ಕೆ ಸಲ್ಲಿಸತಕ್ಕದ್ದು.

ಸಂಸ್ಥೆಯು ದಿವಾಳಿ ಪ್ರಕ್ರಿಯೆಗೆ ಒಳಪಟ್ಟಲ್ಲಿ, ಅದರ ಆಡಳಿತವನ್ನು ವಹಿಸಿಕೊಂಡವರ ಮುಂದೆ ಎರಡೇ ದಾರಿಗಳಿರುತ್ತವೆ. ಎರಡು ತಿಂಗಳೊಳಗಾಗಿ ಹಿಂದಿನ ಸುಸ್ತಿಗಳನ್ನೆಲ್ಲ ಸರಿಪಡಿಸಿ ಮುಂದಿನ ಬಾಧ್ಯತೆಗಳನ್ನು ನಿರ್ವಹಿಸಲು ಒಪ್ಪಬೇಕು. ಇಲ್ಲವಾದಲ್ಲಿ ವಿಮಾನವನ್ನು ಒಪ್ಪಿಸಬೇಕು. ಪಕ್ಷಕಾರರು ಇದಕ್ಕಿಂತ ಕಡಿಮೆ ಅವಧಿಯನ್ನು ಒಪ್ಪಿಕೊಂಡಿದ್ದಲ್ಲಿ ಆ ಅವಧಿಯೇ ಅನ್ವಯಿಸುತ್ತದೆ. ಈ ನಡುವೆ ವಿಮಾನವನ್ನು ಕರಾರಿನಂತೆ ಸುಸ್ಥಿತಿಯಲ್ಲಿ ಕಾಪಾಡುವ ಹೊಣೆ ಆಡಳಿತಗಾರರದಾಗಿರುತ್ತದೆ.

8. ಗೋ ಫಸ್ಟ್ ಪ್ರಕರಣ

ಗೋ ಫಸ್ಟ್ ಸಂಸ್ಥೆಯು 2023ರ ಮೇ 2ರಂದು ತಾನೇ ದಿವಾಳಿ ಅರ್ಜಿ ಸಲ್ಲಿಸಿ, ಮರುದಿನದಿಂದ ಹಾರಾಟ ನಿಲ್ಲಿಸಿತು. ಮೇ 10ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಾಧಿಕರಣವು ಅರ್ಜಿಯನ್ನು ಅಂಗೀಕರಿಸಿತು. 2016ರ ದಿವಾಳಿ ಸಂಹಿತೆಯ 14ನೆಯ ಪ್ರಕರಣದಂತೆ, ಸಂಸ್ಥೆಯ ಸ್ವಾಧೀನದಲ್ಲಿರುವ ಸ್ವತ್ತನ್ನು ಒಡೆಯನೂ ಹಿಂದಕ್ಕೆ ಪಡೆಯದಂತೆ ತಡೆ ಜಾರಿಗೆ ಬಂದಿತು. ಗುತ್ತಿಗೆದಾತರ ಕೈಯಲ್ಲಿ ಐಡೆರಾ ಇತ್ತು, ಐದು ದಿನಗಳ ನಿಯಮವೂ ಇತ್ತು. ಆದರೂ 54 ವಿಮಾನಗಳು ನಿಂತಲ್ಲಿಯೇ ನಿಂತವು. ವಿಮಾನಗಳಿಂದ ಬಿಡಿಭಾಗಗಳು ಕಾಣೆಯಾಗಿವೆ ಎಂದು ಗುತ್ತಿಗೆದಾತರು ನ್ಯಾಯಾಲಯದಲ್ಲಿ ದೂರಿದರು.

ಕೇಂದ್ರ ಸರ್ಕಾರವು 2023ರ ಅಕ್ಟೋಬರ್ 3ರ ಅಧಿಸೂಚನೆಯ ಮೂಲಕ ವಿಮಾನ, ಎಂಜಿನ್ ಮತ್ತು ಹೆಲಿಕಾಪ್ಟರ್‌ಗಳನ್ನು ಈ ತಡೆಯಿಂದ ಹೊರಗಿರಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್ 26ರಂದು, ರದ್ದತಿ ಅರ್ಜಿಗಳನ್ನು ಐದು ಕೆಲಸದ ದಿನಗಳಲ್ಲಿ ಇತ್ಯರ್ಥಪಡಿಸುವಂತೆ ಮಹಾನಿರ್ದೇಶನಾಲಯಕ್ಕೆ ಆದೇಶಿಸಿತು. ಅಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು. 2025ರ ಜನವರಿಯಲ್ಲಿ ಸಂಸ್ಥೆಯ ಸಮಾಪನಕ್ಕೆ ಆದೇಶವಾಯಿತು.

ಒಡಂಬಡಿಕೆಗೆ ಸೇರಿದ ಮಾತ್ರಕ್ಕೆ ಅದು ದೇಶದ ಇತರ ಕಾನೂನುಗಳನ್ನು ಮೀರುವುದಿಲ್ಲ ಎಂಬುದನ್ನು ಈ ಪ್ರಕರಣವು ತೋರಿಸಿತು. 2025ರ ಅಧಿನಿಯಮವು ತುಂಬಲು ಹೊರಟಿರುವುದು ಈ ಕೊರತೆಯನ್ನೇ. ವಿಮಾನ ಹಿಂದಿರುಗುವ ಭರವಸೆ ಇಲ್ಲದಿರುವಲ್ಲಿ ಗುತ್ತಿಗೆದಾತರು ಹೆಚ್ಚಿನ ಬಾಡಿಗೆಯನ್ನೂ ಠೇವಣಿಯನ್ನೂ ಕೇಳುತ್ತಾರೆ; ಆ ಹೊರೆಯು ಅಂತಿಮವಾಗಿ ಪ್ರಯಾಣ ದರದ ಮೇಲೆ ಬೀಳುತ್ತದೆ.

9. ನೌಕರರ ವೇತನ ಮತ್ತು ಸರ್ಕಾರಿ ಬಾಕಿ

ಗುತ್ತಿಗೆದಾತರ ಹಕ್ಕು ಎಲ್ಲರ ಹಕ್ಕಿಗಿಂತ ಮೇಲಿನದಲ್ಲ. ಭಾರತವು ಒಡಂಬಡಿಕೆಗೆ ಸೇರುವಾಗ ಮಾಡಿದ ಘೋಷಣೆಯಂತೆ, ಈ ಕೆಳಕಂಡ ಬಾಕಿಗಳಿಗೆ ಅಂತಾರಾಷ್ಟ್ರೀಯ ನೋಂದಣಿ ಇಲ್ಲದೆಯೂ ಆದ್ಯತೆ ಇರುತ್ತದೆ:

- ಕರಾರಿನಡಿ ಸುಸ್ತಿ ಘೋಷಣೆಯಾದ ನಂತರ ನೌಕರರಿಗೆ ಸಲ್ಲಬೇಕಾದ ವೇತನ
- ಸುಸ್ತಿಯ ನಂತರ ಆ ವಿಮಾನದ ಬಳಕೆಯಿಂದ ಉಂಟಾದ ತೆರಿಗೆ ಮತ್ತು ಶುಲ್ಕ
- ವಿಮಾನವನ್ನು ತಮ್ಮ ವಶದಲ್ಲಿ ಇರಿಸಿಕೊಂಡಿರುವ ದುರಸ್ತಿಗಾರರಿಗೆ, ಅವರು ಮಾಡಿದ ಕೆಲಸದ ಮಟ್ಟಿಗೆ ಸಲ್ಲಬೇಕಾದ ಹಣ

ನೌಕರರು ಇಲ್ಲಿನ ಕಾಲಮಿತಿಯನ್ನು ವಿಶೇಷವಾಗಿ ಗಮನಿಸಬೇಕು. ಸುಸ್ತಿ ಘೋಷಣೆಗೆ ಹಿಂದಿನ ತಿಂಗಳುಗಳ ವೇತನ ಬಾಕಿಗೆ ವಿಮಾನದ ಮೇಲೆ ಈ ಆದ್ಯತೆ ದೊರೆಯುವುದಿಲ್ಲ. ಅದನ್ನು ಸಂಸ್ಥೆಯ ಇತರ ಆಸ್ತಿಯಿಂದ, ದಿವಾಳಿ ಪ್ರಕ್ರಿಯೆಯ ಮೂಲಕವೇ ಕೋರಬೇಕಾಗುತ್ತದೆ. ಆದ್ದರಿಂದ ವೇತನ ನಿಂತ ಕೂಡಲೇ ದಾಖಲೆಗಳನ್ನು ಕಾಪಾಡಿಕೊಳ್ಳುವುದು ಮತ್ತು ನಿಗದಿತ ಅವಧಿಯಲ್ಲಿ ಕ್ಲೇಮು ಸಲ್ಲಿಸುವುದು ಅತ್ಯಗತ್ಯ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಿಮಾನವು ಗುತ್ತಿಗೆಯದಾಗಿದ್ದರೆ, ಅಪಘಾತವಾದಾಗ ಪರಿಹಾರವನ್ನು ಯಾರಿಂದ ಕೋರಬೇಕು?
ಉತ್ತರ: ಟಿಕೆಟ್ ನೀಡಿದ ವಾಹಕರಿಂದ. ವೆಟ್ ಲೀಸ್‌ನಲ್ಲಿ ಒಂದು ಸಂಸ್ಥೆ ಟಿಕೆಟ್ ನೀಡಿ ಮತ್ತೊಂದು ಸಂಸ್ಥೆ ವಿಮಾನ ಹಾರಿಸಿದ್ದಲ್ಲಿ, ಮಾಂಟ್ರಿಯಲ್ ಒಡಂಬಡಿಕೆಯಡಿ ಇಬ್ಬರಲ್ಲಿ ಯಾರ ವಿರುದ್ಧವಾದರೂ ಅಥವಾ ಇಬ್ಬರ ವಿರುದ್ಧವೂ ದಾವೆ ಹೂಡಬಹುದು. ದಾವೆಯನ್ನು ಎರಡು ವರ್ಷಗಳೊಳಗೆ ಹೂಡತಕ್ಕದ್ದು.

ಪ್ರಶ್ನೆ: ಪರಿಹಾರದ ಮೊತ್ತವು ಎಷ್ಟಿರುತ್ತದೆ?
ಉತ್ತರ: ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಸಾವು ಅಥವಾ ದೇಹಕ್ಕೆ ಗಾಯ ಉಂಟಾದಲ್ಲಿ, ಒಡಂಬಡಿಕೆಯ ನಿಗದಿತ ಮೊತ್ತದವರೆಗೆ ವಾಹಕರು ತಮ್ಮ ತಪ್ಪಿಲ್ಲವೆಂದು ಹೇಳಿ ನುಣುಚಿಕೊಳ್ಳುವಂತಿಲ್ಲ. ಈ ಮೊತ್ತವನ್ನು ಅಂತಾರಾಷ್ಟ್ರೀಯ ಮಟ್ಟದಲ್ಲಿ 2024ರ ಡಿಸೆಂಬರ್ 28ರಿಂದ 1,51,880 ವಿಶೇಷ ಹಣ ಪಡೆಯುವ ಹಕ್ಕುಗಳಿಗೆ ಏರಿಸಲಾಗಿದೆ. ಅದಕ್ಕೂ ಮೇಲಿನ ನಷ್ಟವನ್ನು ಸಾಬೀತುಪಡಿಸಿದಲ್ಲಿ ಹೆಚ್ಚಿನ ಪರಿಹಾರವೂ ದೊರೆಯಬಹುದು. ದುಬೈನಿಂದ ಬಂದ ವಿಮಾನವು 2010ರ ಮೇ 22ರಂದು ಮಂಗಳೂರಿನಲ್ಲಿ ಅಪಘಾತಕ್ಕೀಡಾಗಿ 158 ಜನರು ಮೃತಪಟ್ಟಾಗ, ಒಂದು ಕುಟುಂಬವು ಹತ್ತು ವರ್ಷಗಳ ಹೋರಾಟದ ನಂತರ 2020ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ 7.64 ಕೋಟಿ ರೂಪಾಯಿಗಳ ಪರಿಹಾರದ ಆದೇಶ ಪಡೆಯಿತು. ಆದುದರಿಂದ ಮೊದಲು ನೀಡಲಾಗುವ ಮೊತ್ತಕ್ಕೆ ಪೂರ್ಣ ತೀರುವಳಿ ಎಂದು ಸಹಿ ಮಾಡುವ ಮುನ್ನ ಕಾನೂನು ಸಲಹೆ ಪಡೆಯುವುದು ಸೂಕ್ತ. ದೇಶೀಯ ಪ್ರಯಾಣಕ್ಕೆ ಕೇಂದ್ರ ಸರ್ಕಾರವು ಪ್ರತ್ಯೇಕ ಮಿತಿಗಳನ್ನು ಅಧಿಸೂಚಿಸುತ್ತದೆ.

ಪ್ರಶ್ನೆ: ಸಾಮಾನು ಹಾಳಾದಲ್ಲಿ ಅಥವಾ ತಡವಾದಲ್ಲಿ ಏನು ಮಾಡಬೇಕು?
ಉತ್ತರ: ಅಂತಾರಾಷ್ಟ್ರೀಯ ಪ್ರಯಾಣದಲ್ಲಿ, ಹಾನಿಯಾದ ಸಾಮಾನಿನ ಬಗ್ಗೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದುದರ ಬಗ್ಗೆ 21 ದಿನಗಳೊಳಗೆ ಲಿಖಿತ ದೂರು ನೀಡತಕ್ಕದ್ದು. ಅವಧಿ ಮೀರಿದಲ್ಲಿ ದಾವೆಯ ಹಕ್ಕು ನಷ್ಟವಾಗುತ್ತದೆ.

ಪ್ರಶ್ನೆ: ಐಡೆರಾ ದಾಖಲಿಸದೆ ಗುತ್ತಿಗೆ ನೀಡಿದರೆ ಏನಾಗುತ್ತದೆ?
ಉತ್ತರ: ಗುತ್ತಿಗೆಯು ಅಸಿಂಧುವಾಗುವುದಿಲ್ಲ. ಆದರೆ ಐದು ದಿನಗಳ ಶೀಘ್ರ ರದ್ದತಿಯ ಸೌಲಭ್ಯ ದೊರೆಯುವುದಿಲ್ಲ. ಸಂಬಂಧ ಹಳಸಿದ ನಂತರ ಗುತ್ತಿಗೆದಾರರಿಂದ ಈ ಪತ್ರವನ್ನು ಪಡೆಯುವುದು ಕಷ್ಟವಾದುದರಿಂದ, ವಿಮಾನ ಹಸ್ತಾಂತರಕ್ಕೆ ಮುನ್ನವೇ ಪಡೆದು ದಾಖಲಿಸುವುದು ಉತ್ತಮ.

ಸೂಚನೆ: ಮೇಲ್ಕಂಡ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ ನೀಡಲಾಗಿದೆ. ವ್ಯತ್ಯಾಸ ಕಂಡುಬಂದಲ್ಲಿ ಆಯಾ ಅಧಿನಿಯಮ, ನಿಯಮ ಮತ್ತು ಅಧಿಸೂಚನೆಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಅರ್ಜಿದಾರರು ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ನಮೂನೆ ಮತ್ತು ಶುಲ್ಕದ ವಿವರಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.